ನಿಸ್ತಂತು ಜಾಲದ ವೇಗಮಾಪನ: ಒಂದು ವಿದ್ಯಾರ್ಥಿಪ್ರಯೋಗದ ವಿಮರ್ಶೆ

೧

ಪದವಿ ತರಗತಿಯ ವಿದ್ಯಾರ್ಥಿಗಳು ವರ್ಷದ ಕೊನೆಯಲ್ಲಿ ಒಪ್ಪಿಸುವ ಯೋಜನಾವರದಿಗಳಿಗೆ ವಿಷಯವಾಗತಕ್ಕ ಪ್ರಯೋಗಗಳಲ್ಲಿ ನಿಸ್ತಂತು ಜಾಲದ ವೇಗವನ್ನು ಅಳೆಯುವುದೂ ಒಂದು. ಇದರ ಅನುಕೂಲಗಳು ಸ್ಪಷ್ಟವಾಗಿವೆ. ಬೆಲೆಬಾಳುವ ಉಪಕರಣಗಳು ಬೇಕಾಗಿಲ್ಲ. ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲೇ ಉಪಕರಣ. ಪ್ರಯೋಗಶಾಲೆಯ ನಾಲ್ಕು ಗೋಡೆಗಳೊಳಗೆ ಕುಳಿತಿರಬೇಕಾಗಿಲ್ಲ, ಊರೇ ಪ್ರಯೋಗಶಾಲೆ. ಆದರೆ ಸುಲಭವಾಗಿ ಕೈಗೆ ಸಿಕ್ಕುವ ಪ್ರಯೋಗವು ಸುಲಭವಾಗಿಯೇ ಕೆಡುತ್ತದೆ ಎಂಬ ಮಾತು ಇದರ ವಿಷಯದಲ್ಲಿ ನಿಜವಾಗುವ ಭಯವಿದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ಊರುಗಳನ್ನು ಕ್ಷೇತ್ರವಾಗಿ ಆರಿಸಿಕೊಂಡರೆ ವರದಿ ಯಾವ ರೂಪವನ್ನು ತಾಳುವುದೆಂದು ಊಹಿಸುವುದು ಕಷ್ಟವಲ್ಲ. ವಿದ್ಯಾರ್ಥಿಯು ಪ್ರತಿಯೊಂದು ಊರಿನ ಬಸ್ ನಿಲ್ದಾಣದಲ್ಲಿಯೂ ಇಳಿದು, ವೇಗ ತೋರಿಸುವ ಆ್ಯಪ್ ಒಂದನ್ನು ಒತ್ತಿ, ಬಂದ ಅಂಕಿಯನ್ನು ಬರೆದುಕೊಂಡು, ಮೂರು ನಾಲ್ಕು ಅಂಕಿಗಳ ಸರಾಸರಿ ತೆಗೆದು, ನಾಲ್ಕು ಬಣ್ಣದ ಸ್ತಂಭಗಳ ಚಿತ್ರವನ್ನು ಬರೆದು, 'ಹಾಸನದಲ್ಲಿ ವೇಗವು ಅಧಿಕವಾಗಿಯೂ ಅರಕಲಗೂಡಿನಲ್ಲಿ ಕಡಮೆಯಾಗಿಯೂ ಇದೆ' ಎಂಬ ನಿರ್ಣಯದೊಡನೆ ಮುಗಿಸುತ್ತಾನೆ. ಚಿತ್ರ ಅಂದವಾಗಿದ್ದರೆ ಅಂಕಗಳೂ ದೊರೆಯುತ್ತವೆ. ಪ್ರಯೋಗ ಒಳ್ಳೆಯದು, ಆದರೆ ಈ ರೀತಿಯಲ್ಲಿ ನಡೆದರೆ ಅದರಲ್ಲಿ ಒಳ್ಳೆಯದಾಗಿರುವ ಅಂಶವೇ ನಾಶವಾಗುತ್ತದೆಂಬುದನ್ನೂ, ನಾಶವಾಗುವುದು ವಿದ್ಯಾರ್ಥಿಯ ಶಿಕ್ಷಣವೊಂದೇ ಅಲ್ಲವೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಪ್ರಯೋಗದ ಗುಣವನ್ನು ನೋಡೋಣ. ಲೋಲಕದಿಂದ ಗುರುತ್ವವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಗೆ ಉತ್ತರವು ೯.೮ರ ಬಳಿ ಬರಬೇಕೆಂಬುದು ಮೊದಲೇ ಗೊತ್ತು. ೧೦.೪ ಬಂದರೆ ಅವನು ಲೋಲಕವನ್ನು ಪುನಃ ಪರೀಕ್ಷಿಸುವುದಕ್ಕಿಂತ ಹೆಚ್ಚಾಗಿ ರೆಕಾರ್ಡ್ ಪುಸ್ತಕದ ಅಂಕಿಯನ್ನು ತಿದ್ದುವ ಸಂಭವವೇ ಅಧಿಕ. ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವ ಬಹುಭಾಗ ಕೆಲಸ ಹೀಗೆ ಗೊತ್ತಿರುವ ಉತ್ತರದ ಕಡೆಗೆ ಹಿಮ್ಮುಖವಾಗಿ ನಡೆಯುವ ಪ್ರಯಾಣ. ಪ್ರಕೃತಿಯನ್ನು ಪ್ರಶ್ನಿಸುವುದರ ಬದಲು ಪಠ್ಯಪುಸ್ತಕವನ್ನು ಮೆಚ್ಚಿಸುವ ಅಭ್ಯಾಸ ಅಲ್ಲಿ ಬೆಳೆಯುತ್ತದೆ.

ಜಾಲದ ವೇಗಕ್ಕೆ ಇಂಥ ಸಿದ್ಧ ಉತ್ತರವಿಲ್ಲ. ಹೊಳೆನರಸೀಪುರದ ಕಾಲೇಜಿನ ಮೆಟ್ಟಿಲ ಮೇಲೆ ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಎಷ್ಟು ವೇಗವಿರಬೇಕೆಂದು ಯಾವ ಗ್ರಂಥವೂ ಹೇಳುವುದಿಲ್ಲ. ಅಧ್ಯಾಪಕರಿಗೂ ಗೊತ್ತಿಲ್ಲ. ಆದ್ದರಿಂದ ವಿದ್ಯಾರ್ಥಿಯು ಕಂಡದ್ದನ್ನು ಕಂಡಂತೆ ಬರೆಯುವುದಲ್ಲದೆ ಬೇರೆ ದಾರಿಯಿಲ್ಲ. ತನ್ನ ಅಂಕಿಯನ್ನು ಏಕೆ ನಂಬಬೇಕೆಂಬುದಕ್ಕೆ ತಾನೇ ಕಾರಣ ಕೊಡಬೇಕು. ವಿಜ್ಞಾನಶಿಕ್ಷಣಕ್ಕೆ ಇದಕ್ಕಿಂತ ಉತ್ತಮವಾದ ಸಂದರ್ಭ ಅಪರೂಪ.

ನಿಸ್ತಂತು ವಿದ್ಯೆಯಲ್ಲಿ ಸ್ವಂತ ಪ್ರಯೋಗಕ್ಕೆ ಕೈಹಾಕುವುದು ನಮ್ಮ ನಾಡಿನ ವಿದ್ಯಾಸಂಸ್ಥೆಗಳಿಗೆ ಹೊಸದೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯಕ್ಕೆ ಸೇರಿದ್ದು. ಪ್ರಸಾರ ಮಾಡುವವನು ಮೊದಲು ಕೇಳಬೇಕಾದ ಪ್ರಶ್ನೆ 'ಎಲ್ಲಿಯವರೆಗೆ ಕೇಳಿಸುತ್ತದೆ, ಎಲ್ಲಿ ಕೇಳಿಸುವುದಿಲ್ಲ' ಎಂಬುದು. ಇಂದಿನ ವೇಗಮಾಪನ ಈ ಪ್ರಶ್ನೆಯ ಎರಡನೆಯ ಅರ್ಧವನ್ನು ಮರೆಯುವುದು ಹೇಗೆಂಬುದನ್ನು ಮುಂದೆ ನೋಡಬಹುದು.

೩

ಅಳತೆಗೆ ಮುಂಚೆ ಅಳೆಯತಕ್ಕ ವಸ್ತು ಯಾವುದೆಂಬುದು ನಿಶ್ಚಯವಾಗಬೇಕು. 'ವೇಗ' ಎಂಬ ಒಂದೇ ಮಾತು ಇಲ್ಲಿ ಕಡೆಯ ಪಕ್ಷ ಮೂರು ಬೇರೆ ಬೇರೆ ಸಂಗತಿಗಳಿಗೆ ಸಲ್ಲುತ್ತಿದೆ.

ಒಂದನೆಯದು ಯಂತ್ರದ ಮೇಲೆ ಬರೆದಿರುವ ವೇಗ. ೨೦೦೩ರ ವೈ-ಫೈ ಮಾದರಿಯ ಮೇಲೆ ಸೆಕೆಂಡಿಗೆ ೫೪ ಮೆಗಾಬಿಟ್ ಎಂದು ಬರೆದಿರುತ್ತಿತ್ತು. ಆದರೆ ಅದರ ಮೂಲಕ ಕಡತವೊಂದನ್ನು ಕಳುಹಿಸಿದರೆ ಅದರ ಅರ್ಧದಷ್ಟು ವೇಗ ಬರುವುದೂ ಕಷ್ಟ. ಕಾರಣ ಸರಳವಾಗಿದೆ. ಗಾಳಿಯು ಎಲ್ಲರಿಗೂ ಸೇರಿದ ಒಂದೇ ದಾರಿ. ಒಂದೇ ಚಾನಲ್ಲಿನಲ್ಲಿರುವವರು ಒಬ್ಬರಾದ ಮೇಲೆ ಒಬ್ಬರು ಮಾತನಾಡಬೇಕು. ಪ್ರತಿಯೊಂದು ಕಂತಿಗೂ ತಲಪಿತೆಂಬ ರಶೀದಿ ಹಿಂದಕ್ಕೆ ಬರಬೇಕು. ಕಾಯುವ ಹೊತ್ತೆಲ್ಲ ಬರೆದಿರುವ ವೇಗದಿಂದ ಕಳೆಯುತ್ತದೆ.

ಎರಡನೆಯದು ನಿಜವಾಗಿ ತಲಪಿದ ಮಾಹಿತಿಯ ಪ್ರಮಾಣ. ಇಲ್ಲಿ ಬಿಟ್ ಮತ್ತು ಬೈಟ್‌ಗಳ ಗೊಂದಲವೊಂದು ಅಡ್ಡಬರುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ ೮ ಮೆಗಾಬಿಟ್ ವೇಗದಲ್ಲಿ ೧೦೦ ಮೆಗಾಬೈಟ್ ಕಡತ ಇಳಿಯಲು ೧೦೦ ಸೆಕೆಂಡ್ ಬೇಕು. ಈ ಭೇದವನ್ನು ಮರೆತವನು ಹನ್ನೆರಡು ಸೆಕೆಂಡೆಂದು ಲೆಕ್ಕ ಹಾಕಿ ಕಂಪನಿಯನ್ನು ದೂರುತ್ತಾನೆ.

ಮೂರನೆಯದು ವಿಳಂಬ, ಎಂದರೆ ಹೋದ ಮಾತಿಗೆ ಉತ್ತರ ಬರಲು ಹಿಡಿಯುವ ಕಾಲ. ಇದಕ್ಕೆ ಹಾಸನದಲ್ಲಿಯೇ ಉತ್ತಮವಾದ ಉದಾಹರಣೆಯಿದೆ. ಅಲ್ಲಿ ೧೯೮೨ರಲ್ಲಿ ಸ್ಥಾಪಿತವಾದ ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಆ ಉಪಗ್ರಹಗಳು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿವೆ. ಅಲೆಯು ಬೆಳಕಿನ ವೇಗದಲ್ಲಿಯೇ ಹೋದರೂ, ನೆಲದಿಂದ ಉಪಗ್ರಹಕ್ಕೆ ಏರಿ ಮತ್ತೊಂದು ನೆಲೆಗೆ ಇಳಿಯಲು ಸುಮಾರು ೦.೨೪ ಸೆಕೆಂಡ್, ಉತ್ತರ ಅದೇ ದಾರಿಯಲ್ಲಿ ಮರಳಲು ಮತ್ತಷ್ಟೇ ಕಾಲ ಹಿಡಿಯುತ್ತದೆ. ಇಂಥ ದಾರಿ ಎಷ್ಟು ಅಗಲವಾಗಿದ್ದರೂ ಅದರಲ್ಲಿ ಸಂಭಾಷಣೆ ತಡವರಿಸುತ್ತದೆ. ಅಗಲ ಬೇರೆ, ದೂರ ಬೇರೆ.

ಈ ಎರಡೂ ಒಂದಕ್ಕೊಂದು ಸಂಬಂಧವಿಲ್ಲದವೂ ಅಲ್ಲ. ಒಂದು ಸಂಪರ್ಕದಲ್ಲಿ, ರಶೀದಿ ಬರುವುದಕ್ಕೆ ಮುಂಚೆ ೬೪ ಕಿಲೋಬೈಟ್ ಮಾತ್ರ ಕಳುಹಿಸಬಹುದೆಂದು ಇಟ್ಟುಕೊಳ್ಳೋಣ. ಉತ್ತರ ೧೦ ಮಿಲಿಸೆಕೆಂಡಿನಲ್ಲಿ ಬಂದರೆ ವೇಗವು ಸೆಕೆಂಡಿಗೆ ಸುಮಾರು ೫೧ ಮೆಗಾಬಿಟ್. ೫೦ ಮಿಲಿಸೆಕೆಂಡಾದರೆ ಸುಮಾರು ೧೦. ಅರ್ಧ ಸೆಕೆಂಡಾದರೆ ಸುಮಾರು ೧. ಇಂದಿನ ಯಂತ್ರಗಳು ಈ ೬೪ರ ಮಿತಿಯನ್ನು ಹಿಗ್ಗಿಸಿಕೊಳ್ಳುತ್ತವೆಯಾದರೂ ತತ್ತ್ವ ಬದಲಾಗುವುದಿಲ್ಲ. ಹತ್ತಿರದ ಸರ್ವರನ್ನು ಆರಿಸಿಕೊಂಡು ಏಕಕಾಲದಲ್ಲಿ ಹಲವು ಸಂಪರ್ಕಗಳನ್ನು ತೆರೆಯುವ ಆ್ಯಪ್ ಒಂದು ಅಂಕಿಯನ್ನೂ, ಒಂದೇ ಸಂಪರ್ಕದಿಂದ ಅಳೆಯುವ ಆ್ಯಪ್ ಬೇರೊಂದು ಅಂಕಿಯನ್ನೂ ತೋರಿಸಿದರೆ ಆಶ್ಚರ್ಯವಿಲ್ಲ. ಎರಡೂ ಸುಳ್ಳಲ್ಲ, ಎರಡು ಬೇರೆ ಪ್ರಶ್ನೆಗಳಿಗೆ ಉತ್ತರಗಳು. ಯಾವ ಆ್ಯಪ್, ಯಾವ ಊರಿನ ಸರ್ವರ್, ಎಷ್ಟು ಸಂಪರ್ಕಗಳು ಎಂಬುದನ್ನು ಹೇಳದ ವರದಿಯಲ್ಲಿ ಅಂಕಿಗಳಿರುತ್ತವೆ, ಅಳತೆಯಿರುವುದಿಲ್ಲ.

೪

ಇನ್ನು ಸ್ಥಳದ ವಿಚಾರ. ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಆರಿಸಿಕೊಳ್ಳುವುದು ನಿಜವಾಗಿ ಸಾರ್ಥಕವಾಗುವುದು ಅವುಗಳ ನೆಲ ಒಂದೇ ತೆರನಾಗಿಲ್ಲದಿರುವುದರಿಂದ. ಪೂರ್ವದಲ್ಲಿ ಚನ್ನರಾಯಪಟ್ಟಣ ಬಯಲುಸೀಮೆ. ತೆಂಗಿನ ತೋಟಗಳ ನಾಡು. ಬೆಂಗಳೂರು ಮಂಗಳೂರು ಹೆದ್ದಾರಿ ಅದರ ಮೂಲಕ ಹಾದುಹೋಗುತ್ತದೆ. ದಕ್ಷಿಣದಲ್ಲಿ ಹೊಳೆನರಸೀಪುರ ಹೇಮಾವತಿಯ ದಂಡೆಯ ಮೇಲಿದೆ. ಹಾಸನ ಮೈಸೂರು ರೈಲುದಾರಿಯಲ್ಲಿದೆ. ನೈರುತ್ಯದಲ್ಲಿ ಅರಕಲಗೂಡು ಕೊಡಗಿನ ಕಡೆಗೆ ಏರುವ ಅರೆಮಲೆನಾಡು. ನಡುವೆ ಜಿಲ್ಲೆಯ ಮುಖ್ಯಪಟ್ಟಣವಾದ ಹಾಸನ.

ನಿಸ್ತಂತು ದಾರಿಯ ಗರಿಷ್ಠ ಸಾಮರ್ಥ್ಯವು ಎರಡು ಸಂಗತಿಗಳನ್ನು ಅವಲಂಬಿಸಿದೆಯೆಂದು ಕ್ಲಾಡ್ ಶಾನನ್ ೧೯೪೮ರಲ್ಲಿ ತೋರಿಸಿದರು. ಒಂದು, ದಾರಿಯ ಅಗಲ. ಇನ್ನೊಂದು, ಸಿಗ್ನಲ್ಲಿನ ಬಲಕ್ಕೂ ಗದ್ದಲಕ್ಕೂ ಇರುವ ಅನುಪಾತ. ೨೦ ಮೆಗಾಹರ್ಟ್ಸ್ ಅಗಲದ ದಾರಿಯಲ್ಲಿ ಬಲವು ಗದ್ದಲಕ್ಕಿಂತ ನೂರು ಪಾಲು ಅಧಿಕವಾಗಿದ್ದರೆ ಸಾಮರ್ಥ್ಯ ಸೆಕೆಂಡಿಗೆ ಸುಮಾರು ೧೩೩ ಮೆಗಾಬಿಟ್. ಹತ್ತು ಪಾಲಾದರೆ ಸುಮಾರು ೬೯. ಎರಡೂ ಸಮವಾದರೆ ೨೦. ಇಲ್ಲಿ ಗಮನಿಸಬೇಕಾದದ್ದು 'ಅನುಪಾತ' ಎಂಬ ಮಾತು. ಬಲ ಕುಂದಿದರೂ ವೇಗ ಕುಂದುತ್ತದೆ. ಗದ್ದಲ ಹೆಚ್ಚಿದರೂ ಕುಂದುತ್ತದೆ.

ಮೊದಲನೆಯದಕ್ಕೆ ಅರಕಲಗೂಡಿನ ಇಳಿಜಾರುಗಳೂ ಚನ್ನರಾಯಪಟ್ಟಣದ ತೋಟಗಳೂ ಪರೀಕ್ಷಾಸ್ಥಳಗಳಾಗಬಲ್ಲವು. ಗುಡ್ಡದ ಮರೆಯಲ್ಲಿ ಅಲೆ ದುರ್ಬಲವಾಗುತ್ತದೆ. ಎಲೆಗಳು, ಅದರಲ್ಲಿಯೂ ಮಳೆಯಲ್ಲಿ ನೆನೆದ ಎಲೆಗಳು, ಅದರ ಶಕ್ತಿಯನ್ನು ಹೀರುತ್ತವೆ. ತೋಟದ ಅಂಚಿನಲ್ಲಿ ಒಂದು ಅಳತೆ, ಒಳಗೆ ಐವತ್ತು ಮೀಟರಿನಲ್ಲಿ ಒಂದು, ನೂರು ಮೀಟರಿನಲ್ಲಿ ಒಂದು; ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ: ಇಷ್ಟನ್ನೇ ಎಚ್ಚರಿಕೆಯಿಂದ ಮಾಡಿದರೂ ನಾಲ್ಕು ಬಸ್ ನಿಲ್ದಾಣಗಳ ಅಂಕಿಗಳಿಗಿಂತ ಹೆಚ್ಚಿನ ಜ್ಞಾನ ದೊರೆಯುತ್ತದೆ.

ಎರಡನೆಯದಕ್ಕೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ವಿಂಧ್ಯಗಿರಿ ಯೋಗ್ಯವಾದ ಸ್ಥಳ. ಸುತ್ತಣ ಬಯಲಿಗಿಂತ ನಾನ್ನೂರು ಅಡಿಗೂ ಮೇಲೆದ್ದಿರುವ ಆ ಬಂಡೆಯ ನೆತ್ತಿಯಲ್ಲಿ ನಿಂತರೆ ದಿಗಂತ ಹತ್ತಾರು ಕಿಲೋಮೀಟರ್ ದೂರಕ್ಕೆ ಸರಿಯುತ್ತದೆ. ಅಷ್ಟು ದೂರದ ಟವರುಗಳಿಗೂ ಮೊಬೈಲಿಗೂ ನಡುವೆ ಮರೆ ಇಲ್ಲವಾದ್ದರಿಂದ ಸಿಗ್ನಲ್ಲಿನ ಗೆರೆಗಳು ತುಂಬಿರಬಹುದು. ಆದರೆ ಹಲವು ಟವರುಗಳ ಅಲೆಗಳು ಒಂದರ ಮೇಲೊಂದು ಬಿದ್ದು ಪರಸ್ಪರ ಗದ್ದಲವಾಗಿ ಪರಿಣಮಿಸಿ ವೇಗವು ಬಯಲಿನಲ್ಲಿರುವುದಕ್ಕಿಂತ ಕಡಮೆಯಾಗುವ ಸಂಭವವಿದೆ. ಹಾಗಾಗುತ್ತದೆಯೋ ಇಲ್ಲವೋ ಎಂಬುದನ್ನು ಹೋಗಿಯೇ ನೋಡಬೇಕು. 'ಗೆರೆ ತುಂಬ ಇದೆ, ಆದರೂ ನೆಟ್‌ವರ್ಕ್ ಇಲ್ಲ' ಎಂದು ಜನ ಆಡುವ ಮಾತಿನಲ್ಲಿ ವಿರೋಧವಿಲ್ಲವೆಂಬುದು ಅಲ್ಲಿ ವಿದ್ಯಾರ್ಥಿಗೆ ಮನದಟ್ಟಾದೀತು. ೨೦೧೮ರ ಮಹಾಮಸ್ತಕಾಭಿಷೇಕದಂಥ ಸಂದರ್ಭದಲ್ಲಿ ಜನಸಮೂಹವೇ ಮೂರನೆಯ ಕಾರಣವಾಗುತ್ತದೆ; ಒಂದು ಟವರಿನ ಸಾಮರ್ಥ್ಯವನ್ನು ಅದರಡಿ ಇರುವವರೆಲ್ಲ ಹಂಚಿಕೊಳ್ಳಬೇಕು.

ಇವೆಲ್ಲಕ್ಕೂ ಹಿಂದೆ ಕಣ್ಣಿಗೆ ಬೀಳದ ಮತ್ತೊಂದು ಕಾರಣವಿದೆ. ಟವರಿನಿಂದ ಮುಂದಕ್ಕೆ ಮಾಹಿತಿಯನ್ನು ಒಯ್ಯುವುದು ಗಾಜಿನ ತಂತುವೋ ಮತ್ತೊಂದು ನಿಸ್ತಂತು ಕೊಂಡಿಯೋ ಎಂಬುದರ ಮೇಲೂ ವೇಗ ನಿಲ್ಲುತ್ತದೆ. ಆದ್ದರಿಂದ ಒಂದು ಊರಿನ ವೇಗ ಕಡಮೆಯೆಂದ ಮಾತ್ರಕ್ಕೆ ದೋಷ ಗಾಳಿಯಲ್ಲಿದೆಯೆಂದು ನಿರ್ಣಯಿಸಲಾಗದು.

೫

ಸಂಖ್ಯೆಗಳನ್ನು ಕೂಡಿಸುವ ಕ್ರಮದಲ್ಲಿರುವ ದೋಷ ಇನ್ನೂ ಗಂಭೀರವಾದದ್ದು. ಒಂದು ಹಳ್ಳಿಯಲ್ಲಿ ಐದು ಸಲ ಅಳೆದಾಗ ೨, ೩, ೩, ೪, ೩೮ ಮೆಗಾಬಿಟ್ ಬಂದವೆಂದು ಭಾವಿಸೋಣ. ಸರಾಸರಿ ೧೦. ಆದರೆ ಹತ್ತು ಮೆಗಾಬಿಟ್ ವೇಗ ಆ ಹಳ್ಳಿಯಲ್ಲಿ ಯಾರಿಗೂ ಯಾವ ಹೊತ್ತಿನಲ್ಲಿಯೂ ದೊರೆತಿಲ್ಲ. ಮಧ್ಯಾಂಕವನ್ನು ತೆಗೆದರೆ ೩. ನಿಜಸ್ಥಿತಿಗೆ ಅದು ಹತ್ತಿರ. ಆ ೩೮ ಬಂದದ್ದು ಊರು ಮಲಗಿದ ಮೇಲೆ ನಡುರಾತ್ರಿಯಲ್ಲೋ ಎಂಬುದನ್ನು ಕಾಲದ ಉಲ್ಲೇಖವಿಲ್ಲದ ಪಟ್ಟಿ ತಿಳಿಸಲಾರದು.

ಇದಕ್ಕಿಂತಲೂ ಮುಖ್ಯವಾದದ್ದು ಪಟ್ಟಿಯಲ್ಲಿ ಸೇರದೆ ಹೋದ ಅಳತೆಗಳು. ಸಂಪರ್ಕವೇ ಇಲ್ಲದ ಕಡೆ ಆ್ಯಪ್ ಪರೀಕ್ಷೆಯನ್ನು ಆರಂಭಿಸುವುದಿಲ್ಲ. 'ಪುನಃ ಪ್ರಯತ್ನಿಸಿ' ಎನ್ನುತ್ತದೆ. ವಿದ್ಯಾರ್ಥಿಯು ನಾಲ್ಕು ಹೆಜ್ಜೆ ಮುಂದೆ ಹೋಗಿ, ಸಿಕ್ಕಿದ ಕಡೆ ಅಳೆದು, ಬರೆದುಕೊಳ್ಳುತ್ತಾನೆ. ಹೀಗೆ ಜಾಲವಿರುವ ಸ್ಥಳಗಳು ಮಾತ್ರ ಜಾಲದ ಪರವಾಗಿ ಸಾಕ್ಷಿ ನುಡಿಯುತ್ತವೆ. ಇಲ್ಲದ ಸ್ಥಳಕ್ಕೆ ಬಾಯಿಯೇ ಇಲ್ಲ. ಇಪ್ಪತ್ತು ಪ್ರಯತ್ನಗಳಲ್ಲಿ ಎಂಟು ವಿಫಲವಾಗಿದ್ದರೆ ವರದಿಯ ಮೊದಲ ಸಾಲು ಅದೇ ಆಗಬೇಕು. ವಿಫಲವಾದ ಪ್ರಯತ್ನವು ಪ್ರಯೋಗದ ಫಲವೇ ಹೊರತು ಅದಕ್ಕೆ ಒದಗಿದ ಅಡಚಣೆಯಲ್ಲ.

ಉಪಕರಣದ ದೋಷವೂ ಒಂದುಂಟು. ಹತ್ತು ಸೆಕೆಂಡಿನ ಪರೀಕ್ಷೆ ಸೆಕೆಂಡಿಗೆ ೪೦ ಮೆಗಾಬಿಟ್ ವೇಗದಲ್ಲಿ ನಡೆದರೆ ೫೦ ಮೆಗಾಬೈಟ್ ಡೇಟಾ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಗಿಗಾಬೈಟ್ ಇರುವ ವಿದ್ಯಾರ್ಥಿಗೆ ಮೂವತ್ತು ಪರೀಕ್ಷೆಗಳಲ್ಲಿ ಅದು ಮುಗಿಯಿತು. ದಿನದ ಪಾಲು ತೀರಿದ ಮೇಲೆ ಹಲವು ಪ್ಲಾನುಗಳಲ್ಲಿ ಕಂಪನಿಯೇ ವೇಗವನ್ನು ೬೪ ಕಿಲೋಬಿಟ್ಟಿಗೆ ಇಳಿಸುತ್ತದೆ. ಬೆಳಗ್ಗೆ ಹಾಸನದಲ್ಲಿ ಆರಂಭಿಸಿ ಸಂಜೆ ಅರಕಲಗೂಡಿನಲ್ಲಿ ಮುಗಿಸಿದ ವಿದ್ಯಾರ್ಥಿ ಕೊನೆಯಲ್ಲಿ ಅಳೆದದ್ದು ಅರಕಲಗೂಡಿನ ಜಾಲವನ್ನೋ ತನ್ನ ರೀಚಾರ್ಜನ್ನೋ ಎಂಬ ಪ್ರಶ್ನೆ ನಗೆಯ ವಿಷಯವಲ್ಲ.

೬

ಇಷ್ಟೆಲ್ಲ ಸೂಕ್ಷ್ಮ ವಿದ್ಯಾರ್ಥಿಯೊಬ್ಬನ ವರದಿಗೆ ಬೇಕೇ ಎಂದು ಕೇಳಬಹುದು. ಬೇಕು, ಏಕೆಂದರೆ ಈ ಅಂಕಿಗಳ ಹಿಂದೆ ಜನರ ವ್ಯವಹಾರವಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಒಪ್ಪಿಗೆಯಾಗುವುದು ನೆಟ್‌ವರ್ಕ್ ಇದ್ದರೆ. ವಿದ್ಯಾರ್ಥಿವೇತನದ ಅರ್ಜಿ ಹೋಗುವುದು ನೆಟ್‌ವರ್ಕ್ ಇದ್ದರೆ. ೨೦೨೦ರಲ್ಲಿ ತರಗತಿಗಳು ಮೊಬೈಲಿಗೆ ಬಂದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡವೇರಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ನಮ್ಮ ದೇಶದಲ್ಲಿ 'ಬ್ರಾಡ್‌ಬ್ಯಾಂಡ್' ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು ೨೦೦೪ರಲ್ಲಿ ೨೫೬ ಕಿಲೋಬಿಟ್ ಎಂದೂ, ೨೦೧೩ರಲ್ಲಿ ೫೧೨ ಎಂದೂ, ೨೦೨೩ರಲ್ಲಿ ೨ ಮೆಗಾಬಿಟ್ ಎಂದೂ ಗೊತ್ತುಮಾಡಲಾಯಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೬ರಲ್ಲಿ 'ಮೈಸ್ಪೀಡ್' ಎಂಬ ಆ್ಯಪನ್ನು ಹೊರತಂದಿತು. ವಾಹನಗಳಲ್ಲಿ ಉಪಕರಣಗಳನ್ನಿಟ್ಟು ರಸ್ತೆಗಳ ಉದ್ದಕ್ಕೂ ಪರೀಕ್ಷೆ ನಡೆಸುವ ಕ್ರಮವೂ ಇದೆ. ೨೦೨೪ರ ಸೇವಾಗುಣಮಟ್ಟದ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ಸೇವೆಯ ವ್ಯಾಪ್ತಿಯನ್ನು ತೋರಿಸುವ ನಕ್ಷೆಗಳನ್ನು ಪ್ರಕಟಿಸಬೇಕು. ಇವೆಲ್ಲ ಸ್ವಾಗತಾರ್ಹವಾದವು. ಆದರೆ ವಾಹನವು ರಸ್ತೆಯನ್ನು ಅಳೆಯುತ್ತದೆ, ಮನೆಯ ಒಳಗನ್ನಲ್ಲ. ಆ್ಯಪ್ ಸಂಪರ್ಕವಿದ್ದವರನ್ನು ಎಣಿಸುತ್ತದೆ, ಇಲ್ಲದವರನ್ನಲ್ಲ. ನಕ್ಷೆ ಲೆಕ್ಕಾಚಾರದ ಬಣ್ಣವನ್ನು ತೋರಿಸುತ್ತದೆ, ತೋಟದ ನಡುವಿನ ಮನೆಯ ಅನುಭವವನ್ನಲ್ಲ. ಈ ಬಿಟ್ಟುಹೋದ ಸ್ಥಳಗಳಿಗೆ ಹೋಗಿ ನಿಲ್ಲಬಲ್ಲವನು ಅದೇ ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿ. ಬೇರೆ ಯಾರ ಬಳಿಯೂ ಇಲ್ಲದ ಪ್ರವೇಶ ಅವನಿಗಿದೆ.

ಆದ್ದರಿಂದಲೇ ಅವನ ಅಜಾಗ್ರತೆಯಿಂದ ಆಗುವ ಹಾನಿಯೂ ದೊಡ್ಡದು. ಮೇಲಿನ ಉದಾಹರಣೆಯ ಹಳ್ಳಿಯವರು ವೇಗ ಸಾಲದೆಂದು ಮನವಿ ಕೊಟ್ಟಾಗ, 'ನಿಮ್ಮ ಊರಿನ ಹುಡುಗನೇ ಸರಾಸರಿ ಹತ್ತು ಮೆಗಾಬಿಟ್ ಎಂದು ಬರೆದಿದ್ದಾನಲ್ಲ' ಎಂಬ ಉತ್ತರ ಬರಲು ಅಡ್ಡಿಯೇನೂ ಇಲ್ಲ. ತನ್ನ ಜನರ ಪರವಾಗಿ ಸಾಕ್ಷಿಯಾಗಬಹುದಾಗಿದ್ದ ವರದಿ ಅವರ ವಿರುದ್ಧದ ಸಾಕ್ಷಿಯಾಗುತ್ತದೆ. ಹಾಗೆಯೇ ದಿನದ ಪಾಲು ತೀರಿದ ಮೊಬೈಲಿನಿಂದ ಅಳೆದು ದೂರಿದರೆ, ನಿಜವಾದ ದೂರಿನ ಬೆಲೆಯೂ ಇಳಿಯುತ್ತದೆ. ಇಲ್ಲಿ ಪ್ರಾಮಾಣಿಕತೆ ಎರಡೂ ಕಡೆಗೆ ಸಲ್ಲಬೇಕಾದದ್ದು.

೭

ಪ್ರಯೋಗವನ್ನು ಹೇಗೆ ನಡೆಸಬೇಕೆಂಬುದಕ್ಕೆ ಕೆಲವು ಸೂಚನೆಗಳು ಸಾಕು. ಮೊದಲ ಹಂತ ಕಾಲೇಜಿನೊಳಗೆ ನಡೆಯಲಿ. ಒಂದು ವೈ-ಫೈ ರೂಟರ್, ಅದಕ್ಕೆ ತಂತಿಯಿಂದ ಸೇರಿಸಿದ ಒಂದು ಕಂಪ್ಯೂಟರ್, ಕೈಯಲ್ಲಿ ಒಯ್ಯುವ ಮತ್ತೊಂದು. ಇವೆರಡರ ನಡುವೆ 'ಐಪರ್ಫ್' ಎಂಬ ಉಚಿತ ಸಾಧನದಿಂದ ಅಳತೆ. ಇದರಲ್ಲಿ ಹೊರಗಿನ ಇಂಟರ್‌ನೆಟ್ಟಿನ ಪ್ರಭಾವ ಸೇರದೆ ಗಾಳಿಯ ದಾರಿಯ ಗುಣವಷ್ಟೇ ಕಾಣುತ್ತದೆ. ೨, ೪, ೮, ೧೬ ಮೀಟರುಗಳಲ್ಲಿ ಅಳೆದು, ನಡುವೆ ಒಂದು ಗೋಡೆಯನ್ನು ಬಿಟ್ಟು ಪುನಃ ಅಳೆಯಲಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸಿಗ್ನಲ್ ೬ ಡೆಸಿಬೆಲ್ ಕುಂದಬೇಕೆಂಬುದು ಸಿದ್ಧಾಂತ. ಕೋಣೆಯೊಳಗೆ ಹಾಗಾಗದಿದ್ದರೆ ಏಕೆಂದು ಯೋಚಿಸಲಿ.

ಎರಡನೆಯ ಹಂತ ಊರಿನಲ್ಲಿ. ಎರಡು ಮೊಬೈಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಮೊದಲು ಅವುಗಳ ಅಂತರವನ್ನೇ ತಿಳಿಯಬೇಕು. ಸ್ಥಳಗಳನ್ನು ಹೊರಡುವುದಕ್ಕೆ ಮುಂಚೆಯೇ ಪಟ್ಟಿಮಾಡಬೇಕು. ಅಲ್ಲಿಗೆ ಹೋದ ಮೇಲೆ ಸಿಗ್ನಲ್ ಸಿಕ್ಕುವ ಕಡೆಗೆ ಸರಿಯಕೂಡದು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಕಡೆಯ ಪಕ್ಷ ಒಂದು ವಾರ. ವೇಗದ ಜೊತೆಗೆ ವಿಳಂಬ, ಸಿಗ್ನಲ್ಲಿನ ಬಲ, ಮನೆಯ ಒಳಗೋ ಹೊರಗೋ, ಮಳೆಯೋ ಬಿಸಿಲೋ, ದಿನದ ಡೇಟಾ ಎಷ್ಟು ಉಳಿದಿದೆ ಎಂಬುದನ್ನೂ ಬರೆಯಬೇಕು. ವಿಫಲ ಪ್ರಯತ್ನಗಳಿಗೆ ಪ್ರತ್ಯೇಕ ಕಲಮು ಇರಬೇಕು. ಸರಾಸರಿಯ ಬದಲು ಮಧ್ಯಾಂಕವನ್ನೂ, ಕನಿಷ್ಠ ಗರಿಷ್ಠಗಳನ್ನೂ ಕೊಡಬೇಕು. ಕೊನೆಗೆ ಅದೇ ಸ್ಥಳದ ಬಗ್ಗೆ ಕಂಪನಿಯ ನಕ್ಷೆ ಏನು ಹೇಳುತ್ತದೆಂಬುದನ್ನು ಪಕ್ಕದಲ್ಲಿಡಬೇಕು. ನಾಲ್ಕು ಊರುಗಳನ್ನು ಒಬ್ಬನೇ ಒಂದು ದಿನದಲ್ಲಿ ಸುತ್ತುವುದಕ್ಕಿಂತ, ಆಯಾ ತಾಲ್ಲೂಕಿನ ನಾಲ್ವರು ವಿದ್ಯಾರ್ಥಿಗಳು ಒಂದೇ ಕ್ರಮದಲ್ಲಿ ಒಂದೇ ವಾರ ಅಳೆಯುವುದು ಲೇಸು.

ಅಧ್ಯಾಪಕರ ಹೊಣೆ ಇದಕ್ಕಿಂತ ಕಡಮೆಯಲ್ಲ. ಅಂಕಿ ದೊಡ್ಡದಾಗಿದೆಯೇ, ಚಿತ್ರ ಅಂದವಾಗಿದೆಯೇ ಎಂದು ನೋಡಿ ಅಂಕ ಕೊಡುವವರೆಗೆ ವಿದ್ಯಾರ್ಥಿಯು ಚಿತ್ರವನ್ನೇ ಬರೆಯುತ್ತಾನೆ. ಇದೇ ಅಳತೆಯನ್ನು ಮತ್ತೊಬ್ಬನು ಈ ವರದಿಯನ್ನಷ್ಟೇ ಓದಿ ಪುನಃ ಮಾಡಬಲ್ಲನೇ ಎಂಬ ಒಂದು ಪ್ರಶ್ನೆಯನ್ನು ಪರೀಕ್ಷಕರು ಕೇಳಿದರೆ ಸಾಕು, ವರದಿಗಳ ಸ್ವರೂಪ ಬದಲಾಗುತ್ತದೆ. 'ಅರಕಲಗೂಡು ತಾಲ್ಲೂಕಿನ ಇಂಥ ಹಳ್ಳಿಯ ಇಂಥ ಸ್ಥಳದಲ್ಲಿ ಇಪ್ಪತ್ತೊಂದು ಸಲ ಪ್ರಯತ್ನಿಸಿದೆ. ಒಂಬತ್ತು ಸಲ ಸಂಪರ್ಕ ದೊರೆಯಲಿಲ್ಲ' ಎಂದು ದಿನ ಗಂಟೆಗಳ ಸಮೇತ ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ಸಲ್ಲಬೇಕು. ಆ ವಾಕ್ಯವನ್ನು ಅಲ್ಲಗಳೆಯಬೇಕಾದವರು ಅಲ್ಲಿಗೆ ಬಂದು ಅಳೆಯಬೇಕಾಗುತ್ತದೆ.